ಮುತ್ತುಗ ಹೂ ಬಿಟ್ಟ ಹೊತ್ತು

ನಮ್ಮ ನಲ್ಲೂರಿನಲ್ಲಿ ಕೈತೋಟದ ಹುಚ್ಚು ಹತ್ತಿದ ಹೆಂಗಸರದೊಂದು ಗುಂಪಿದೆ. ಅದಕ್ಕೆ ಹೆಸರಿಲ್ಲ, ಚಂದಾ ಇಲ್ಲ. ಒಬ್ಬರ ಮನೆಯ ದಾಸವಾಳದ ಕಡ್ಡಿ ಇನ್ನೊಬ್ಬರ ಹಿತ್ತಲು ಸೇರುತ್ತದೆ, ಕನಕಾಂಬರದ ಬೀಜ ಕಾಗದದ ಪೊಟ್ಟಣದಲ್ಲಿ ಬೀದಿ ದಾಟುತ್ತದೆ. ಶಿವರಾತ್ರಿ ಮುಗಿದು ಚಳಿ ಕಾಲು ಕಿತ್ತಿತೆಂದರೆ ಕುಂಡಗಳಿಗೆ ಎರಡು ಹೊತ್ತೂ ನೀರು ಬೇಕು. ಆ ಕೆಲಸವನ್ನು ಒಂದು ದಿನದ ಮಟ್ಟಿಗೆ ಮನೆಯವರಿಗೆ ಒಪ್ಪಿಸಿ, ಬುತ್ತಿ ಕಟ್ಟಿಕೊಂಡು, ಯಾರೂ ನೀರೆರೆಯದ ಹೂಗಳನ್ನು ನೋಡಲು ನಾವು ಹೊರಡುತ್ತೇವೆ.

ವಸಂತವೆಂದರೆ ಹಸಿರು ಹುಲ್ಲಿನ ನಡುವೆ ಅರಳಿದ ಪುಟ್ಟ ಹೂ ಎನ್ನುವುದು ಕ್ಯಾಲೆಂಡರ್ ಚಿತ್ರಗಳು ಕಲಿಸಿದ ಮಾತು. ಚನ್ನಗಿರಿ ಸೀಮೆಯಲ್ಲಿ ವಸಂತ ಬರುವುದು ಒಣಗಿದ ಗುಡ್ಡದ ಮೇಲೆ, ಎಲೆಯುದುರಿದ ಕೊಂಬೆಯಲ್ಲಿ. ಸದಾ ನೆಲ ನೋಡುವ ತೋಟದವರು ಅಂದು ಕತ್ತೆತ್ತಿ ನಡೆಯಬೇಕು.

ನಮ್ಮ ದಾರಿ ಸೂಳೆಕೆರೆಯ ಕಡೆಗೆ. ಸರ್ಕಾರಿ ಫಲಕದಲ್ಲಿ ಅದು ಶಾಂತಿಸಾಗರ, ಬಾಯಲ್ಲಿ ಮಾತ್ರ ಇಂದಿಗೂ ಸೂಳೆಕೆರೆಯೇ. ಎರಡು ಗುಡ್ಡಗಳ ನಡುವೆ ಹರಿದ್ರಾವತಿಯನ್ನು ತಡೆದು ಕಟ್ಟಿದ ಏರಿ, ಅದರ ಹಿಂದೆ ಕಣ್ಣು ಹಾಯುವಷ್ಟೂ ನೀರು. ಶಾಂತವ್ವ ಕಟ್ಟಿಸಿದಳೆಂದು ಜನ ನಂಬಿರುವ ಈ ಕೆರೆಯ ನೀರು ಸಿದ್ಧನಾಲೆ, ಬಸವನಾಲೆಗಳಲ್ಲಿ ಇಳಿದು ಗದ್ದೆ ತೋಟಗಳನ್ನು ಹಸಿರಾಗಿಡುತ್ತದೆ. ಸುತ್ತಲಿನ ಗುಡ್ಡಗಳಿಗೆ ಆ ಭಾಗ್ಯವಿಲ್ಲ. ಹೂವಿರುವುದು ಅಲ್ಲಿ.

ಮುತ್ತುಗವನ್ನು ದೂರದಿಂದ ನೋಡಿ ಸುಮ್ಮನಾಗಬಾರದು. ಒಂದು ಹೂ ಕೈಗೆತ್ತಿಕೊಳ್ಳಬೇಕು. ತೊಟ್ಟಿನ ಬಳಿಯ ಬಟ್ಟಲು ಕಪ್ಪಿಗೆ ಹತ್ತಿರದ ಕಂದು ಬಣ್ಣ, ಬೆರಳಿಗೆ ಮಕಮಲ್ಲಿನ ಮೆದು. ಅದರೊಳಗಿಂದ ಕಿತ್ತಳೆಗೆಂಪಿನ ಐದು ದಳ: ಹಿಂದಕ್ಕೆ ಬಾಗಿದ್ದು ಒಂದು, ಪಕ್ಕಕ್ಕೆ ಎರಡು, ಉಳಿದೆರಡು ಕೂಡಿಕೊಂಡು ಗಿಣಿಯ ಕೊಕ್ಕಿನಂತೆ ಡೊಂಕು. ಬಿಸಿಲಿಗೆ ಹಿಡಿದರೆ ದಳದ ಹೊರಮೈಯ ಸಣ್ಣ ರೋಮಗಳು ಬೆಳ್ಳಗೆ ಹೊಳೆಯುತ್ತವೆ. ಆ ಕೊಕ್ಕನ್ನು ಮೆಲ್ಲನೆ ಬಿಡಿಸಿದರೆ ಒಳಗೆ ಹತ್ತು ಕೇಸರ, ಒಂಬತ್ತು ಒಂದಾಗಿ ಕೂಡಿದ್ದು, ಒಂದು ಬಿಡಿ. ಹೂವಿನ ಬುಡದಲ್ಲಿ ಮಕರಂದ. ಸೂರಕ್ಕಿ ಅಲ್ಲಿಗೆ ಕೊಕ್ಕು ಹಾಕುವಾಗ ಪರಾಗ ಅದರ ಮೈಗೆ ತಾಗುತ್ತದೆ. ಮೂಗಿಗೆ ಹಿಡಿದರೆ ಪರಿಮಳವೇ ಇಲ್ಲ. ಹಕ್ಕಿಯನ್ನು ಕರೆಯಲು ಬಣ್ಣ ಸಾಕು, ವಾಸನೆ ಯಾಕೆ?

ಎಲೆ ಇಲ್ಲದಿರುವುದರಲ್ಲೂ ಲೆಕ್ಕವಿದೆ. ಬೇಸಿಗೆಯಲ್ಲಿ ಮರದ ನೀರು ಹೆಚ್ಚಾಗಿ ಆರಿಹೋಗುವುದು ಎಲೆಗಳ ಮೂಲಕ. ಎಲೆ ಕಳಚಿದ ಮರ ಇದ್ದಷ್ಟು ನೀರನ್ನು ಮೈಯಲ್ಲೇ ಉಳಿಸಿಕೊಂಡು ಮೊಗ್ಗಿಗೆ ಕೊಡುತ್ತದೆ. ಮರೆಮಾಡುವ ಹಸಿರಿಲ್ಲದ್ದರಿಂದ ಹೂ ಬಹುದೂರದ ಹಕ್ಕಿಗೂ ಕಾಣುತ್ತದೆ. ನೀರು ಕಡಿಮೆಯಾದರೆ ನಮ್ಮ ಕುಂಡದ ಗುಲಾಬಿ ಮೊಗ್ಗುದುರಿಸುತ್ತದೆ, ಈ ಮರ ಎಲೆಯುದುರಿಸಿ ಮೊಗ್ಗು ಉಳಿಸಿಕೊಳ್ಳುತ್ತದೆ. ನನಗೆ ಇದಕ್ಕಿಂತ ದೊಡ್ಡ ತೋಟಗಾರಿಕೆಯ ಪಾಠ ಸಿಕ್ಕಿಲ್ಲ.

ಬೂರುಗದ ಅಡಿಯಲ್ಲಿ ಬುತ್ತಿ ಬಿಚ್ಚುವುದು ವಾಡಿಕೆ. ಎಳೆಯ ಮರಗಳ ಕಾಂಡದ ತುಂಬ ಮೊನಚು ಮುಳ್ಳು, ಮೇಲೆ ದಪ್ಪ ದಳಗಳ ಕೆಂಪು ಹೂ. ಗೊರವಂಕ, ಕಾಜಾಣ, ಕಾಗೆ ಎಲ್ಲವೂ ಅಲ್ಲೇ. ಹೂ ಬಿದ್ದಾಗ ಸದ್ದಾಗುತ್ತದೆ. ಕಾಡಿನಲ್ಲಿ ಬಿದ್ದ ಹೂವನ್ನು ಜಿಂಕೆ ಆಯ್ದು ತಿನ್ನುತ್ತದಂತೆ, ಇಲ್ಲಿ ಮಕ್ಕಳು ಆಯ್ದು ಬುಟ್ಟಿ ತುಂಬುತ್ತಾರೆ.

1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಲ್ಲಿ ಒಂದರ ನಂತರ ಒಂದು ಮರ ಹೂ ಬಿಡುವಂತೆ ಯೋಜಿಸಿದ್ದರು ಎನ್ನುತ್ತಾರೆ. ಮೆಚ್ಚಬೇಕಾದ ಕೆಲಸವೇ. ಆದರೆ ನಮ್ಮ ಗುಡ್ಡಗಳಲ್ಲಿ ಅಂಥ ಸರದಿ ತಾನಾಗಿಯೇ ಇದೆ: ಮುತ್ತುಗ, ಬೂರುಗ ಮುಗಿಯುತ್ತಿದ್ದಂತೆ ಹೊಂಗೆಯ ನಸುನೇರಳೆ ಬೆರೆತ ಬಿಳಿ ಹೂ ನೆಲ ಮುಚ್ಚುತ್ತದೆ, ಯುಗಾದಿಗೆ ಬೇವಿನ ಹೂ, ಅದರ ಹಿಂದೆಯೇ ಕಕ್ಕೆಯ ಹಳದಿ ಗೊಂಚಲು.

ಮರಳುವಾಗ ಗೆಳತಿಯೊಬ್ಬರ ಅಡಿಕೆ ತೋಟದಲ್ಲಿ ಹೊಂಬಾಳೆ ನೋಡಿದೆವು. ಅಡಿಕೆಯೇ ಉಸಿರಾದ ಈ ತಾಲೂಕಿನಲ್ಲಿ ಹೊಂಬಾಳೆ ಕಂಡವರು ಮೊದಲು ಫಸಲಿನ ಲೆಕ್ಕ ಹಾಕುತ್ತಾರೆ, ಅದನ್ನು ಹೂವೆಂದು ನೋಡುವವರು ಕಡಿಮೆ. ಎಳೆಗಳ ತುದಿಯವರೆಗೂ ಸಾಲಾಗಿ ಅಕ್ಕಿಕಾಳಿನಷ್ಟು ಸಣ್ಣ ಗಂಡು ಹೂ, ಬುಡದಲ್ಲಿ ಎಣಿಸಬಹುದಾದಷ್ಟು ದಪ್ಪನೆಯ ಹೆಣ್ಣು ಹೂ. ಗಂಡು ಹೂಗಳೇ ಮೊದಲು ಅರಳಿ ಉದುರುತ್ತವೆ. ಅಡಿಕೆಯಾಗುವುದು ಆ ಹೆಣ್ಣು ಹೂವು. ಪರಿಮಳ ಮಾತ್ರ ತೋಟದ ತುಂಬ.

ಅಲ್ಲೇ ಗುಂಪಿನ ಕಿರಿಯಳೊಬ್ಬಳು ಕೇಳಿದಳು, “ಅಕ್ಕಾ, ಮುತ್ತುಗದ ಕಡ್ಡಿ ತಂದು ನೆಟ್ರೆ ಬರಲ್ವಾ?”

“ಕಡ್ಡಿ ಬೇಡ ಕಣೆ, ಬೀಜ ಹಾಕು. ಹೂ ನೋಡೋಕೆ ವರ್ಷಗಟ್ಟಲೆ ಕಾಯ್ಬೇಕು, ಅಷ್ಟೇ.”

ಅದರ ಚಪ್ಪಟೆ ಕಾಯಿಯ ತುದಿಯಲ್ಲಿ ಇರುವುದು ಒಂದೇ ಬೀಜ, ಬಹಳ ದಿನ ಇಟ್ಟರೆ ಮೊಳೆಯುವುದಿಲ್ಲ. ಕಾಯಿ ಮಾಗುವ ಬೇಸಿಗೆಯ ಕೊನೆಗೆ ಮತ್ತೆ ಬಂದು ಆಯ್ದುಕೊಳ್ಳುವುದು, ಮೊದಲ ಮಳೆ ಬಿದ್ದ ಕೂಡಲೇ ಊರ ಹಾದಿಯ ಬದಿಗೆ ಹಾಕುವುದು ಎಂದು ಮಾತಾಯಿತು. ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿದೆ.