ನೀರಿಗಿಂತ ಮೊದಲು

ಒಣಗಿದ ಗದ್ದೆಗೆ ಕಾಲುವೆ ನೀರು ಬಿಟ್ಟಾಗ ಒಣ ಮಣ್ಣಿಗೂ ಹಸಿ ಮಣ್ಣಿಗೂ ನಡುವೆ ಒಂದು ಗೆರೆ ಮುಂದೆ ಸರಿಯುತ್ತದೆ. ಆ ಗೆರೆ ಎಲ್ಲಿಗೆ, ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ಲೆಕ್ಕ ಹಾಕುವುದೇ ನನ್ನ ಪಿಎಚ್‌.ಡಿ. ಗಂಗಾವತಿ ಕಡೆ ಹೀಗೆ ಹೇಳಿದರೆ ಅರ್ಥವಾಗುತ್ತದೆ; ‘ಪಾರ್ಶಿಯಲ್ ಡಿಫರೆನ್ಷಿಯಲ್ ಈಕ್ವೇಶನ್’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಸಮೀಕರಣ ಹಳೆಯದು, ಸೇಂಟ್-ವೆನಾಂಟ್ 1871ರಲ್ಲೇ ಬರೆದಿಟ್ಟಿದ್ದಾನೆ. ತೊಡಕಿರುವುದು ವೇಗದಲ್ಲಿ. ನದಿಯ ಪಾತ್ರವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ನೀರಿನ ಆಳವನ್ನು ಕ್ಷಣಕ್ಷಣಕ್ಕೂ ಕಂಡುಹಿಡಿಯುತ್ತ ಹೋಗಬೇಕು. ಕುರಾಂಟ್, ಫ್ರೀಡ್ರಿಕ್ಸ್, ಲೆವಿ 1928ರಲ್ಲಿ ತೋರಿಸಿದಂತೆ, ಲೆಕ್ಕದ ಒಂದು ಹೆಜ್ಜೆಯಲ್ಲಿ ಅಲೆ ಒಂದು ಚೌಕವನ್ನು ದಾಟಿಬಿಟ್ಟರೆ ಉತ್ತರ ಕೆಡುತ್ತದೆ. 10 ಮೀಟರ್ ಆಳದ ನೀರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತದೆ. ಚೌಕವೂ ಅಷ್ಟೇ ಅಗಲವಿದ್ದರೆ ಹೆಜ್ಜೆ ಒಂದು ಸೆಕೆಂಡು ಮೀರುವಂತಿಲ್ಲ. ಅಗಲವನ್ನು ಅರ್ಧಕ್ಕಿಳಿಸಿದರೆ ಚೌಕಗಳು ನಾಲ್ಕು ಪಟ್ಟು, ಹೆಜ್ಜೆಗಳು ಎರಡು ಪಟ್ಟು. ಕೆಲಸ ಎಂಟು ಪಟ್ಟು!

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನು ಕಡಿದು, ಗೇಟು ಕೊಚ್ಚಿಹೋಯಿತು. ಆನೆಗೊಂದಿ ಹತ್ತಿರದ ನಮ್ಮ ಮನೆಯಿಂದ ಅವ್ವ ಫೋನ್ ಮಾಡಿದಳು. “ನೀರು ಎಷ್ಟೊತ್ತಿಗೆ ಬರತೈತಿ? ನೀ ಅದನ್ನ ಓದಾಕತ್ತಿಯಲ್ಲ?”

ಆಗ ನನ್ನ ಪ್ರೋಗ್ರಾಮು ಒಂದು ಗಂಟೆಯ ಹೊಳೆಗೆ ಮೂರು ಗಂಟೆ ಲೆಕ್ಕ ಹಾಕುತ್ತಿತ್ತು. “ಎಮ್ಮಿ ಬಿಚ್ಚಿ ಮ್ಯಾಲೆ ಹೊಡಕೊಂಡು ಹೋಗ್ರಿ” ಎಂದೆ. ಕಾಕಾ ಆಗಲೇ ಹೊಡೆದುಕೊಂಡು ಹೋಗಿದ್ದರು.

ಜೇಮ್ಸ್ ಸೇಥಿಯನ್ 1996ರಲ್ಲಿ ಪ್ರಕಟಿಸಿದ ‘ಫಾಸ್ಟ್ ಮಾರ್ಚಿಂಗ್’ ವಿಧಾನ ನನಗೆ ಬಲು ಇಷ್ಟ. ಅಲೆ ಎಲ್ಲಕ್ಕಿಂತ ಮೊದಲು ಮುಟ್ಟುವ ಬಿಂದುವನ್ನು ಖಚಿತಪಡಿಸಿಕೊಂಡು, ಅದರ ನೆರೆಯ ಬಿಂದುಗಳನ್ನಷ್ಟೇ ನೋಡುತ್ತ ಮುಂದೆ ಹೋಗುತ್ತದೆ. ಆದರೆ ವೇಗ ಮೊದಲೇ ಗೊತ್ತಿರಬೇಕು. ಪ್ರವಾಹದ ವೇಗವೋ, ಅದರ ಆಳವನ್ನೇ ನೆಚ್ಚಿಕೊಂಡಿದೆ. ಹಾಗಾಗಿ ವಿಧಾನವನ್ನು ಬಿಟ್ಟು ಅದರ ಜಿಪುಣತನವನ್ನಷ್ಟೇ ಎರವಲು ತಂದೆ: ಹಸಿ ಚೌಕಗಳು, ಅವುಗಳ ಪಕ್ಕದ ಒಣ ಚೌಕಗಳು, ಇಷ್ಟಕ್ಕೇ ಲೆಕ್ಕ. ಈಗ ಒಂದು ಗಂಟೆಯ ಹೊಳೆಗೆ ಹದಿನೈದು ನಿಮಿಷ ಸಾಕು. “ನಮ್ಮ ಕಡೆ ಓಡಿಸಿದ್ರ ಅರ್ಧ ನಿಮಿಷನೂ ಬ್ಯಾಡ” ಎಂದು ಕುಷ್ಟಗಿಯ ಗೆಳೆಯ ನಗುತ್ತಾನೆ. ಯಲಬುರ್ಗಾದವನೂ ದನಿಗೂಡಿಸುತ್ತಾನೆ. ಮಳೆಯನ್ನೇ ನಂಬಿದ ಹೊಲದವರ ನಗು ಅದು.

ನದಿ ತಳದ ನನ್ನ ನಕ್ಷೆ ಮಾತ್ರ ಇನ್ನೂ ಒರಟು. ಬಂಡೆಗಳ ನಡುವಿನ ಸಂದುಗಳು ಅದರಲ್ಲಿಲ್ಲ. ನೀರು ಮೊದಲು ನುಗ್ಗುವುದೇ ಅಲ್ಲಿ ಎನ್ನುತ್ತಾರೆ ಕಾಕಾ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಅವರ ಜತೆ ನಡೆದು ಅಳೆಯಬೇಕು.