ಎಡ ಆಟಕ್ಕೆ, ಬಲ ನಮಗೆ

ಡೊಂಬಿವಲಿಯಲ್ಲಿ ಹುಟ್ಟಿದ ನನ್ನ ಮಗನಿಗೆ ಶಾಲೆಯಲ್ಲಿ ಇಂಗ್ಲಿಷ್, ಬಿಲ್ಡಿಂಗಿನ ಗೆಳೆಯರೊಡನೆ ಮರಾಠಿ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದು ಎಂದರೆ ಆಕಳಿಸುತ್ತಾನೆ. ಅವನನ್ನು ಅಕ್ಷರದತ್ತ ತಿರುಗಿಸಿದ್ದು ಮೈನ್‌ಕ್ರಾಫ್ಟ್ ಆಟದ ಫೈಲು.

ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಆಟಗಾರನ ಆಯ್ಕೆಗಳೆಲ್ಲ 'ಆಪ್ಷನ್ಸ್' ಎಂಬ ಸಾದಾ ಟೆಕ್ಸ್ಟ್ ಫೈಲಿನಲ್ಲಿರುತ್ತವೆ. ಆಟ ಮುಚ್ಚಿ, ನೋಟ್‌ಪ್ಯಾಡಿನಲ್ಲಿ ಅದನ್ನು ತೆರೆದು, ಭಾಷೆಯ ಸಾಲಿನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೆ, ಎನ್, ಅಡಿಗೆರೆ, ಐ, ಎನ್ ಎಂದು ಬರೆದರೆ ಆಟ ಕನ್ನಡದಲ್ಲಿ ತೆರೆಯುತ್ತದೆ. ಸ್ವಯಂಸೇವಕರ ಅನುವಾದ ಆಟದೊಳಗೇ ಇದೆ.

ಆದರೆ ಅವನು ಹಾಕಿಕೊಂಡ ಬೇಸಾಯದ ಮಾಡ್‌ನಲ್ಲಿ ಕನ್ನಡ ಇರಲಿಲ್ಲ. ಕನ್ನಡದ ಫೈಲು ಸಿಗದಿದ್ದರೆ ಆಟ ಇಂಗ್ಲಿಷನ್ನೇ ತೋರಿಸುತ್ತದೆ. ಹಾಗಾಗಿ ಮಾಡ್‌ನ ಇಂಗ್ಲಿಷ್ ಭಾಷೆಯ ಫೈಲನ್ನು ನಕಲು ಮಾಡಿ, ಅದಕ್ಕೆ ಅದೇ ಐದಕ್ಷರದ ಹೆಸರಿಟ್ಟು, ರಿಸೋರ್ಸ್ ಪ್ಯಾಕ್ ಒಂದರಲ್ಲಿ ಸೇರಿಸಿದೆವು. ಪ್ರತಿ ಸಾಲಿನ ಎಡಭಾಗ ಆಟಕ್ಕೆ, ಮುಟ್ಟುವಂತಿಲ್ಲ. ಬಲಭಾಗ ನಮಗೆ. ಒಂದು ಅಲ್ಪವಿರಾಮ ಬಿಟ್ಟುಹೋದರೂ ಆಟ ಆ ಫೈಲನ್ನು ಓದುವುದಿಲ್ಲ.

ಕಷ್ಟವಾದದ್ದು ಪದಗಳು. 'ಸ್ಕೇರ್‌ಕ್ರೋ' ಎಂಬುದಕ್ಕೆ ನಾನು 'ಬೆದರುಗೊಂಬೆ' ಎಂದೆ. ಅವನಿಗೆ ಹಿಡಿಸಲಿಲ್ಲ. ತೀರ್ಥಹಳ್ಳಿಯ ಅಜ್ಜಿಗೆ ಫೋನು ಹೋಯಿತು. "ಬೆರ್ಚಪ್ಪ ಕಣೋ! ಗದ್ದೇಲಿ ಅದನ್ನ ನೋಡಿ ನಿನ್ನಪ್ಪ ಅಳ್ತಿದ್ದ" ಎಂದರು ಅಮ್ಮ. ಅವನು ಬಿದ್ದುಬಿದ್ದು ನಕ್ಕ. ಅರ್ಕಾವತ್ತು ಹೇಗೆ ಹಾಕುವುದೆಂದು ಕೇಳಿಕೊಂಡು ತಾನೇ ಟೈಪು ಮಾಡಿದ.

ನಲವತ್ತು ಸಾಲು ಮುಗಿದಿವೆ, ಇನ್ನೂ ಬಹಳ ಉಳಿದಿವೆ. ಅಮ್ಮನಿಗೆ ಎಪ್ಪತ್ತೆಂಟು. ಮೊದಲೆಲ್ಲ "ಹೂಂ, ಚೆನ್ನಾಗಿದೀನಿ" ಎಂದು ಫೋನು ನನ್ನ ಕೈಗಿಡುತ್ತಿದ್ದವನು ಈಗ ಭಾನುವಾರ ಪದಗಳ ಪಟ್ಟಿ ಹಿಡಿದು ತಾನೇ ಕರೆ ಮಾಡುತ್ತಾನೆ.