ಹಾಡುವ ಹಳೆಯ ಫೋರ್ಡು

ಬ್ರೆಜಿಲ್ ದೇಶದ ಸಾಲ್ವಡಾರ್ ಎರಡು ಅಂತಸ್ತಿನ ನಗರ. ಕೆಳಗೆ ಕಡಲು, ಬಂದರು; ದಿಬ್ಬದ ಮೇಲೆ ಹಳೆಯ ಇಗರ್ಜಿಗಳೂ ಪೇಟೆಯೂ. ಎರಡನ್ನೂ ಕೂಡಿಸುವ ಲಿಫ್ಟು 1873ರದು. ಮೇಲಿನ ಪೇಟೆಯ ಚಿಲಿ ಬೀದಿಯಲ್ಲಿ ಹಿಂದೆ ಕಾರ್ನಿವಾಲ್ ಹಬ್ಬದಂದು ಸಿರಿವಂತರು ಸಿಂಗರಿಸಿದ ಮೋಟಾರುಗಳಲ್ಲಿ ಮೆರೆಯುತ್ತಿದ್ದರು; ಬಡವರ ಪಾಲಿಗೆ ನೋಟವೊಂದೇ.

1950ರಲ್ಲಿ ಆ ಬೀದಿಗೆ 1929ರ ಫೋರ್ಡು ಕಾರೊಂದು ಬಂದಿತು. ಡೋಡೊ, ಓಸ್ಮಾರ್ ಎಂಬ ಗೆಳೆಯರು ಅದಕ್ಕೆ ಧ್ವನಿವರ್ಧಕಗಳನ್ನು ಬಿಗಿದು, ಕಾರಿನ ಬ್ಯಾಟರಿಯಿಂದಲೇ ವಿದ್ಯುತ್ತು ಒದಗಿಸಿದ್ದರು. ಸದ್ದು ಹೆಚ್ಚಿಸುವುದು ಸುಲಭದ ಮಾತಲ್ಲ. ತಂತಿವಾದ್ಯದ ಹೊಟ್ಟೆ ಟೊಳ್ಳಾಗಿದ್ದರೆ ಧ್ವನಿವರ್ಧಕದ ಸದ್ದಿಗೆ ಅದು ನಡುಗುತ್ತದೆ. ಆ ನಡುಕ ಮತ್ತೆ ಧ್ವನಿವರ್ಧಕಕ್ಕೇ ಹೋಗಿ, ಹಾಡಿನ ಬದಲು ಊಳು ಹೊರಡುತ್ತದೆ. ನಮ್ಮ ಮದುವೆಮನೆಗಳ ಮೈಕು ಕಿರುಚುವುದೂ ಇದೇ ಜಾತಿಯ ರೋಗ! 1940ರ ದಶಕದಲ್ಲಿಯೇ ಗೆಳೆಯರು ಮದ್ದು ಕಂಡುಕೊಂಡಿದ್ದರು: ಟೊಳ್ಳನ್ನೇ ಬಿಟ್ಟು, ಗಟ್ಟಿಮರದ ತುಂಡಿನ ಮೇಲೆ ತಂತಿ ಬಿಗಿದರು. ‘ವಿದ್ಯುತ್ ಕೊರಡು’ ಎಂದೇ ಅದರ ಹೆಸರು.

ಕೊರಡು ಮೊಳಗಿತು, ಜನರು ಬೀದಿಗಿಳಿದು ಕಾರಿನ ಹಿಂದೆ ಕುಣಿದರು. ನಿಲ್ಲಿಸೆಂದು ಕೂಗಿದಾಗ ಚಾಲಕನು, ಎಂಜಿನ್ನು ಕೆಟ್ಟು ಎಷ್ಟೋ ಹೊತ್ತಾಯಿತು, ಜನರೇ ನೂಕುತ್ತಿದ್ದಾರೆ ಎಂದನಂತೆ.

ಮರುವರ್ಷ ಮೂರನೆಯ ವಾದ್ಯಗಾರನು ಸೇರಲು ‘ಟ್ರಿಯೊ ಎಲೆಟ್ರಿಕೊ’ ಎಂಬ ಹೆಸರಾಯಿತು. ಇಂದು ಆ ಹೆಸರಿನಲ್ಲಿ ಹೊರಡುವುವು ಜನರೇಟರು ಹೊತ್ತ ಭಾರಿ ಲಾರಿಗಳು. ಹಲವು ಲಾರಿಗಳ ಸುತ್ತ ಹಗ್ಗ ಹಿಡಿದಿರುತ್ತಾರೆ. ಹಣ ತೆತ್ತು ಗುರುತಿನ ಅಂಗಿ ಕೊಂಡವರು ಅದರೊಳಗೆ. ಹೊರಗಿನವರನ್ನು ಊರವರು ‘ಪಿಪೋಕಾ’ ಎನ್ನುತ್ತಾರೆ, ಎಂದರೆ ಜೋಳದ ಅರಳು. ಇಕ್ಕಟ್ಟಿನಲ್ಲಿಯೂ ಅವರು ಕಾದ ಬಾಣಲೆಯ ಕಾಳಿನಂತೆ ನೆಗೆಯುತ್ತಲೇ ಇರುತ್ತಾರೆ.